ಕಣ್ಣಿಗೆ ತಂಪಿನ ಸ್ಕ್ರೀನು

ಬಾಂಡ್ ರೈಟರ್ ಇಬ್ರಾಹಿಮನಿಗೆ ಆಧಾರ್ ಕಾರ್ಡಿನ ಪ್ರಕಾರ ನಲವತ್ತೊಂಬತ್ತು ವರ್ಷ. ಅವನ ಸ್ವಂತ ಅಭಿಪ್ರಾಯದ ಪ್ರಕಾರ ನಲವತ್ತರ ಆಸುಪಾಸು. ಈ ಎರಡರ ನಡುವಿನ ಅಂತರವನ್ನು ಅವನು ಪ್ರತಿ ಗುರುವಾರ ಗಡ್ಡಕ್ಕೆ ಕರಿ ಮೆಹಂದಿ ಹಚ್ಚಿ ಮುಚ್ಚಿಕೊಳ್ಳುತ್ತಿದ್ದ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಗಡ್ಡದಿಂದಲ್ಲ, ಕಣ್ಣಿನಿಂದ.

ರಾಯಬಾಗದ ಸಬ್ ರಜಿಸ್ಟ್ರಾರ್ ಕಚೇರಿಯ ಎದುರಿಗೆ ತಗಡಿನ ಚಪ್ಪರದ ಕೆಳಗೆ ಅವನ ಮೇಜು. ಇಪ್ಪತ್ತಾರು ವರ್ಷಗಳಿಂದ ಆ ತಾಲೂಕಿನ ಹೊಲ, ಮನೆ, ಬಾವಿ, ಬಾವಿಯೊಳಗಿನ ನೀರಿನ ಪಾಲು ಎಲ್ಲವೂ ಅವನ ಅಕ್ಷರ ಹತ್ತಿಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದವು. ಮೊದಲು ಪೆನ್ನಿನಲ್ಲಿ ಬರೆದ, ಆಮೇಲೆ ಟೈಪ್ ಮಷೀನು ಕುಟ್ಟಿದ, ಸರಕಾರ ಎಲ್ಲವನ್ನೂ ಆನ್‌ಲೈನ್ ಮಾಡಿದ ಮೇಲೆ ಯಾರೋ ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪ್ ತಂದು ಅದನ್ನೂ ಕುಟ್ಟತೊಡಗಿದ. ಮಧ್ಯಾಹ್ನ ದಾಟಿತೆಂದರೆ ಅದರ ಸ್ಕ್ರೀನಿನ ಮೇಲಿನ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂಡುತ್ತಿದ್ದವು. ಮೂರು ಎಂಟರಂತೆ ಕಾಣುತ್ತಿತ್ತು, ಎಂಟು ಏನೂ ಅಲ್ಲದಂತೆ ಕಾಣುತ್ತಿತ್ತು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಒಂದು ದಿನ ಮೂವತ್ಮೂರು ಗುಂಟೆ ಜಮೀನನ್ನು ಅವನು ಎಂಬತ್ತೆಂಟು ಗುಂಟೆ ಮಾಡಿಬಿಟ್ಟ. ಕೊಳ್ಳುವವನು ಸಂತೋಷದಿಂದ ಸುಮ್ಮನಿದ್ದ. ಪಕ್ಕದ ಮೇಜಿನ ಬಾಂಡ್ ರೈಟರ್ ವಿಶಾಲ ಕಂಡು ಹಿಡಿಯದಿದ್ದರೆ ಅಂದೇ ಒಂದು ಕೋರ್ಟ್ ಖಟ್ಲೆ ಹುಟ್ಟುತ್ತಿತ್ತು.

"ಕಾಕಾ, ಇನ್ನ ಒಂದ ಚಾಳೀಸ ಹಾಕ್ಕೋರಿ" ಎಂದ ವಿಶಾಲ.

ಚಾಳೀಸು ಎಂದರೆ ನಲವತ್ತು ದಾಟಿದವರ ಮೂಗಿನ ಮೇಲೆ ಬಂದು ಕೂಡುವ ಓದುವ ಕನ್ನಡಕ. ಮರಾಠಿಯಲ್ಲಿ ಚಾಳೀಸ ಅಂದರೆ ನಲವತ್ತು, ಅದರ ಹೆಸರಿನಲ್ಲೇ ವಯಸ್ಸು ಕೂತಿದೆ. ಕಾಕಾ ಎಂದದ್ದನ್ನು ಇಬ್ರಾಹಿಮ ಕ್ಷಮಿಸುತ್ತಿದ್ದನೋ ಏನೋ, ಚಾಳೀಸನ್ನು ಕ್ಷಮಿಸಲಿಲ್ಲ.

"ನನ್ನ ಕಣ್ಣಿಗೆ ಏನೂ ಆಗಿಲ್ಲ. ತಪ್ಪೆಲ್ಲಾ ಈ ಸ್ಕ್ರೀನಿಂದು" ಎಂದು ಅವನು ಇಡೀ ಚಪ್ಪರಕ್ಕೆ ಕೇಳುವಂತೆ ತೀರ್ಪು ಕೊಟ್ಟ.

ತೀರ್ಪು ಕೊಟ್ಟ ಮೇಲೆ ಅದಕ್ಕೆ ಸಾಕ್ಷಿ ಬೇಕಲ್ಲ. ಎಂಟು ದಿನ ಅವನು ಮೊಬೈಲನ್ನು ಮಾರು ದೂರ ಹಿಡಿದು ವಿಡಿಯೋ ನೋಡಿದ. ಹೊಳೆಯುವ ಸ್ಕ್ರೀನು ಬೆಳಕನ್ನು ಕಣ್ಣಿಗೆ ಎರಚುತ್ತದೆ, ಮ್ಯಾಟ್ ಸ್ಕ್ರೀನು ಎರಚುವುದಿಲ್ಲ. ಅಗ್ಗದ ಸ್ಕ್ರೀನು ಸೆಕೆಂಡಿಗೆ ನೂರಾರು ಸಲ ಮಿಣುಕುತ್ತದೆ, ಅದು ನಮಗೆ ಕಾಣದಿದ್ದರೂ ಕಣ್ಣಿಗೆ ತಿಳಿಯುತ್ತದೆ. ನೀಲಿ ಬೆಳಕು ನಿದ್ದೆ ಕೆಡಿಸುತ್ತದೆ. ಇಷ್ಟು ವಿದ್ಯೆ ತಲೆಗೆ ಹತ್ತಿದ ಮೇಲೆ ಖರೀದಿ ಪತ್ರಕ್ಕೆಂದು ಬಂದ ರೈತರಿಗೆಲ್ಲ ಅವನು ಸ್ಕ್ರೀನಿನ ಮಿಣುಕಿನ ಬಗ್ಗೆ ಪಾಠ ಹೇಳಿದ. ಅವರು ಹೊಲದ ಉತಾರದ ಕಾಗದ ಕೈಯಲ್ಲಿ ಹಿಡಿದುಕೊಂಡು ಹೌದ್ರಿ, ಹೌದ್ರಿ ಎಂದರು.

ಒಂದು ರವಿವಾರ ಹೆಂಡತಿಯ ತಮ್ಮ ಅಸ್ಫಾಕನನ್ನು ಕರೆದುಕೊಂಡು ಅವನು ಚಿಕ್ಕೋಡಿಗೆ ಹೋದ. ಬಾಬಾಸಾಹೇಬನ ಅಂಗಡಿಯಲ್ಲಿ ಲ್ಯಾಪ್‌ಟಾಪುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಅಸ್ಫಾಕನಿಗೆ ಬಾಗಿಲಲ್ಲೇ ಫೋನು ಬಂತು. ಅವನು ಹೊರಗೆ ಉಳಿದ.

"ಯಾ, ಬಸಾ ಬಸಾ. ಏನ್ ಬೇಕಾಗಿತ್ರಿ ಸಾಹೇಬ್ರ?" ಎಂದ ಬಾಬಾಸಾಹೇಬ, ಕೂಡಲು ಕುರ್ಚಿ ತೋರಿಸಿ.

"ಕಣ್ಣಿಗೆ ತಂಪಿನ ಸ್ಕ್ರೀನ್ ಬೇಕು. ಮಿಣುಕಬಾರ್ದು, ಹೊಳಿಬಾರ್ದು, ಚುಚ್ಚಬಾರ್ದು."

ಬಾಬಾಸಾಹೇಬ ವ್ಯಾಪಾರಿಯಾದರೂ ಒಳ್ಳೆಯ ಮನುಷ್ಯ. ಐದು ಲ್ಯಾಪ್‌ಟಾಪುಗಳಲ್ಲಿ ಒಂದೇ ಪತ್ರ ತೆರೆದು ಸಾಲಾಗಿ ಇಟ್ಟ. ಇಬ್ರಾಹಿಮ ಕೈ ಹಿಂದೆ ಕಟ್ಟಿಕೊಂಡು ಕಲೆಕ್ಟರರು ತಪಾಸಣೆಗೆ ಬಂದಂತೆ ಅವುಗಳ ಮುಂದೆ ನಡೆದ.

"ಇದು ಚುಚ್ಚತೈತಿ. ಇದು ಮಬ್ಬ ಐತಿ. ಇದರಾಗ ಅಕ್ಷರಕ್ಕ ಕೂದಲಾ ಬಂದಂಗ ಐತಿ."

"ಇದು ಮ್ಯಾಟ್ ಐತ್ರಿ. ಎಲ್ಲಾಕಿಂತ ಭಾರಿ ಐಟಮ್."

"ಇದಕ್ಕೂ ಕೂದಲಾ ಐತಿ."

ಇಬ್ರಾಹಿಮ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಸರಿದ. ಕೊನೆಗೆ ಬೆನ್ನು ಗೋಡೆಯ ಪಕ್ಕದ ಪ್ರಿಂಟರಿಗೆ ತಾಕಿತು. ಅಲ್ಲಿ ನಿಂತು ಅವನ ಮುಖ ಅರಳಿತು.

"ಹಾಂ! ಇಲ್ಲಿಂದ ಐದೂ ಛಲೋ ಕಾಣಾಕತ್ತಾವ."

"ಸಾಹೇಬ್ರ, ಕೀಬೋರ್ಡ್ ಇಲ್ಲೈತಿ. ಅಲ್ಲಿಂದ ಟೈಪ್ ಹೆಂಗ್ ಮಾಡ್ತೀರಿ?"

ಇಬ್ರಾಹಿಮ ಪ್ರಿಂಟರಿಗೆ ಇನ್ನಷ್ಟು ಒತ್ತಿ ನಿಂತ. ಬಾಬಾಸಾಹೇಬ ಅವನನ್ನೇ ನೋಡಿದ. ಈ ಮನುಷ್ಯನ ದೃಷ್ಟಿ ಹೋಗುತ್ತಿದೆ, ಪಾಪ, ನಾಚಿಕೆಗೆ ತಪ್ಪನ್ನು ಸ್ಕ್ರೀನಿನ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡ. ಒಂದು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ. ಅಕ್ಷರಗಳು ಒಂದೊಂದೂ ಬದನೆಕಾಯಿಯಷ್ಟು ದಪ್ಪ ಆದವು. ಜೊತೆಗೆ ಒಳಗಿನಿಂದ ಒಬ್ಬ ಹೆಣ್ಣುಮಗಳ ದನಿ ಪತ್ರವನ್ನು ಗಟ್ಟಿಯಾಗಿ ಓದತೊಡಗಿತು.

"ಇದ ನೋಡ್ರಿ, ಸ್ಕ್ರೀನ್ ಅಂದ್ರ ಇದು!" ಎಂದು ಇಬ್ರಾಹಿಮ ಚಪ್ಪಾಳೆ ಹೊಡೆದ.

ಸರಿಯಾಗಿ ಆಗಲೇ ಅಸ್ಫಾಕ ಒಳಗೆ ಬಂದ. ಬಾಬಾಸಾಹೇಬ ಅವನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ: "ದೃಷ್ಟಿ ಇಲ್ಲದವ್ರಿಗಂತ ಇರೂ ಸೆಟ್ಟಿಂಗ್ ಅದು. ಅವ್ರಿಗೆ ಅದೊಂದ ಕಾಣಾಕತ್ತೈತಿ. ಮನ್ಯಾಗ ಗೊತ್ತೈತೇನ್ರಿ?"

ಅಸ್ಫಾಕನ ಕೈಯಿಂದ ಮೊಬೈಲು ಜಾರಿತು.

ಅಂದು ಲ್ಯಾಪ್‌ಟಾಪ್ ಕೊಳ್ಳಲಿಲ್ಲ, ಇಬ್ರಾಹಿಮನಿಗೆ ಇನ್ನೂ ಎರಡು ದಿನ ವಿಚಾರ ಮಾಡುವುದಿತ್ತು. ಬಸ್ ಹತ್ತುವಾಗ ಅಸ್ಫಾಕ ಅವನ ರಟ್ಟೆ ಹಿಡಿದು ಹತ್ತಿಸಿದ. ಇಳಿಯುವಾಗ "ದುಲ್ಲಾಭಾಯಿ, ಮೆಟ್ಟಿಲೈತಿ, ಮೆಟ್ಟಿಲು" ಎಂದು ಹೇಳಿ ಇಳಿಸಿದ. ಈ ಹುಡುಗನಿಗೆ ಅಕ್ಕನ ಗಂಡನೆಂದರೆ ಈಗೀಗ ಮರ್ಯಾದೆ ಬರುತ್ತಿದೆ ಎಂದು ಇಬ್ರಾಹಿಮ ಒಳಗೊಳಗೇ ಹಿಗ್ಗಿದ.

ಮರ್ಯಾದೆ ಮರುದಿನ ಬೆಳಿಗ್ಗೆಯಿಂದ ಮನೆಗೇ ಬರತೊಡಗಿತು. ಮೊದಲು ಬಂದವಳು ಪಕ್ಕದ ಮನೆಯ ಸಾವಿತ್ರೆವ್ವ. ಕಣ್ಣಿಗೆ ಒಳ್ಳೆಯದೆಂದು ಬುಟ್ಟಿಯ ತುಂಬ ಗಜ್ಜರಿ, ಅದರ ಮೇಲೆ ನುಗ್ಗೆ ಸೊಪ್ಪು. ಬುಟ್ಟಿ ಇಳಿಸಿ, ಇಬ್ರಾಹಿಮನ ಮುಖದ ಮುಂದೆ ಮೂರು ಬೆರಳು ಹಿಡಿದಳು.

"ಇಬ್ರಾಹಿಮಣ್ಣ, ಇವು ಎಷ್ಟು ಬಟ್ಟು ಹೇಳು?"

ಚಹಾ ಕುಡಿಯುತ್ತಿದ್ದ ಇಬ್ರಾಹಿಮನಿಗೆ ಸಿಟ್ಟು ಬಂತು. "ಹತ್ತು" ಎಂದ.

ಸಾವಿತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ಓಡಿದಳು. ಹತ್ತು ನಿಮಿಷದಲ್ಲಿ ಓಣಿಯ ಇಪ್ಪತ್ತು ಮಂದಿ ಅಂಗಳದಲ್ಲಿ ನಿಂತರು. ಮಧ್ಯಾಹ್ನದ ಬಸ್ಸಿಗೆ ಅಥಣಿಯಿಂದ ಅವನ ಸೋದರತ್ತೆ ಫೂಫಿ ಬಂದಳು, ಒಣದ್ರಾಕ್ಷಿಯ ಚೀಲ ಸಮೇತ. ಅವಳು ಎಂಬತ್ತರ ಮುದುಕಿ, ಸ್ವತಃ ಎರಡೂ ಕಣ್ಣಿನ ಮೋತಿಬಿಂದು, ಅಂದರೆ ಪೊರೆ, ತೆಗೆಸಿಕೊಂಡವಳು. ಇಬ್ರಾಹಿಮನ ಗಲ್ಲ ಎರಡೂ ಕೈಯಲ್ಲಿ ಹಿಡಿದು ತನ್ನ ಮುಖದ ಹತ್ತಿರ ತಂದುಕೊಂಡಳು.

"ಬೇಟಾ, ಇನ್ನ ಸ್ವಲ್ಪ ಕಾಣತೈತಿ ಅನ್ನೂದ್ರಾಗ ನನ್ನ ಮಾರಿ ಛಂದಂಗ ನೋಡ್ಕೊಂಡ ಬಿಡು."

"ಫೂಫಿ, ನನಗ ಎಲ್ಲಾ ಕಾಣತೈತಿ!"

"ಹಾಂ, ಹಾಂ. ಕಾಣತೈತಿ, ಕಾಣತೈತಿ" ಎಂದಳು ಫೂಫಿ. ಹಿಂದೆ ನಿಂತವರೆಲ್ಲ ಅದೇ ದನಿಯಲ್ಲಿ ಕಾಣತೈತಿ ಎಂದರು. ಹಾಗೆ ಅನ್ನುವಾಗ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಎಲ್ಲರೂ ಹೋದ ಮೇಲೆ ಹೆಂಡತಿ ಮೆಹರುಬಿ ಬಂದು ಎದುರಿಗೆ ಕೂತಳು. ಅವಳು ಹೆಚ್ಚು ಮಾತಿನವಳಲ್ಲ.

"ಖರೇ ಹೇಳ್ರಿ. ಏನಾಗೈತಿ?"

ಆಗ ಅವನು ನನಗೆ ಚಾಳೀಸು ಬೇಕಾಗಿದೆ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಗಡ್ಡ ಸವರಿಕೊಂಡ. "ಏನೂ ಆಗಿಲ್ಲ. ಸ್ಕ್ರೀನಿಂದು" ಎಂದ. ಮೆಹರುಬಿ ಎದ್ದು ಹೋಗಿ ನಡುಮನೆಯಲ್ಲಿದ್ದ ನೀರಿನ ಕೊಡ, ಒರಳು, ಹೊಲಿಗೆ ಯಂತ್ರ ಎಲ್ಲವನ್ನೂ ಗೋಡೆಗೆ ಸರಿಸಿ, ಅವನು ಎಡವದಂತೆ ದಾರಿ ಮಾಡಿದಳು.

ಕಚೇರಿಯ ಮುಂದೆ ಅವನ ಮೇಜಿಗೆ ಗಿರಾಕಿ ಬರುವುದು ನಿಂತಿತು. ಬಂದವರು ದೂರದಿಂದ ನಮಸ್ಕಾರ ಮಾಡಿ, ತಮ್ಮ ನಮಸ್ಕಾರ ಅವನಿಗೆ ಕಾಣಲಿಲ್ಲವೇನೋ ಎಂದು ಗಟ್ಟಿಯಾಗಿ "ನಮಸ್ಕಾರ್ರಿ!" ಎಂದು ಕೂಗಿ ವಿಶಾಲನ ಮೇಜಿಗೆ ಹೋಗುತ್ತಿದ್ದರು. ಕೆಲವರು ಕಣ್ಣಿನ ಜೊತೆಗೆ ಕಿವಿಯೂ ಹೋಗಿರಬೇಕೆಂದು ಮಾತನ್ನು ಒಂದೊಂದೇ ಅಕ್ಷರ ಬಿಡಿಸಿ ಆಡಿದರು. ವಿಶಾಲ ಕೆಟ್ಟವನಲ್ಲ, ತನ್ನ ಗಿರಾಕಿಗಳ ಚಹಾದಲ್ಲಿ ಒಂದು ಕಪ್ಪನ್ನು ಇಬ್ರಾಹಿಮನ ಕೈಗೆ ತಂದು ಇಟ್ಟು, ಬೆರಳುಗಳನ್ನು ತಾನೇ ಕಪ್ಪಿನ ಸುತ್ತ ಮಡಚುತ್ತಿದ್ದ.

ಐದನೆಯ ದಿನ ಸಬ್ ರಜಿಸ್ಟ್ರಾರ್ ನೀಲಮ ಮೇಡಂ ಅವನನ್ನು ಒಳಗೆ ಕರೆಸಿದರು. ಕಚೇರಿಯ ಸಿಬ್ಬಂದಿ, ಪಾರ್ಟಿಗಳು, ಸಾಕ್ಷಿದಾರರು ಎಲ್ಲರೂ ಬಾಗಿಲಲ್ಲಿ ತುಂಬಿಕೊಂಡರು.

"ಇಬ್ರಾಹಿಮ್ ಅವರೇ, ಬೇಜಾರು ಮಾಡ್ಕೋಬ್ಯಾಡ್ರಿ" ಎಂದರು ಮೇಡಂ. "ಒಂದು ಅಂಕಿ ತಪ್ಪಿದ್ರ ಎರಡು ಮನೆತನ ಇಪ್ಪತ್ತು ವರ್ಷ ಕೋರ್ಟಿಗೆ ಅಲೀತಾವ. ಮಂದಿ ಬಂದು ನನ್ನ ಕೇಳಾಕತ್ತಾರ. ಈ ಕಾಗದ ಸ್ವಲ್ಪ ಓದಿ ತೋರಸ್ರಿ. ಎಲ್ಲಾರ ಸಂಶಯ ಹೋಗಲಿ."

ಇಬ್ರಾಹಿಮ ಕಾಗದ ತೆಗೆದುಕೊಂಡ. ಸಣ್ಣ ಅಕ್ಷರ. ಬಿಳಿ ಗೋಡೆಯ ಮೇಲೆ ಇರುವೆ ಹರಿದಂತೆ ಕಂಡಿತು. ಕೈ ಚಾಚಿ ದೂರ ಹಿಡಿದ. ದೇವರು ಕೊಟ್ಟ ಕೈ ಅಷ್ಟೇ ಉದ್ದ ಇತ್ತು. ಆದರೆ ಆ ಕಚೇರಿಯಲ್ಲಿ ಹುಟ್ಟುವ ಕಾಗದಗಳೆಲ್ಲ ಅವನಿಗೆ ಬಾಯಿಪಾಠ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ:

"ಖರೀದಿ ಪತ್ರ. ಮೌಜೆ ಅಂಕಲಿ ಗ್ರಾಮದ ಹದ್ದಿಯೊಳಗಿನ ನಮ್ಮ ಮಾಲ್ಕಿ ಕಬ್ಜೆಯ ಎರಡು ಎಕರೆ ಕಬ್ಬಿನ ಜಮೀನು, ಇದರ ಚಕ್ಕುಬಂದಿ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರಕಾರಿ ರಸ್ತೆ, ದಕ್ಷಿಣಕ್ಕೆ ಸದರಿಯವರ ಭಾವಕಿಯ ಹೊಲ, ಉತ್ತರಕ್ಕೆ..."

ನಿರರ್ಗಳವಾಗಿ ಓದಿದ. ಬಾವಿಯಲ್ಲಿ ಮೂರನೆಯ ಒಂದು ಪಾಲು, ಹೋಗಿ ಬರುವ ಹಾದಿ, ಗಡಿಯ ಮೇಲಿನ ಎರಡು ಬೇವಿನ ಗಿಡ, ಯಾವುದನ್ನೂ ಬಿಡಲಿಲ್ಲ. ಮುಗಿಸಿ ಗೆದ್ದವನಂತೆ ಸುತ್ತಲೂ ನೋಡಿದ.

ನೀಲಮ ಮೇಡಂ ಮೆಲ್ಲಗೆ ಕಾಗದವನ್ನು ಅವನ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು.

"ಇದು ನಾ ಬರೆದ ರಜೆ ಅರ್ಜಿ ರಿ" ಎಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಇಬ್ರಾಹಿಮ ಬದುಕಿಕೊಳ್ಳುತ್ತಿದ್ದ. ವಿಶಾಲ ಮುಖ ಆ ಕಡೆ ತಿರುಗಿಸಿದ. ಒಬ್ಬ ಮುದುಕ ಸಾಕ್ಷಿದಾರ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಶವ ಹೋಗುವಾಗ ತೆಗೆಯುವ ಹಾಗೆ. ಕಣ್ಣಿನ ಡಾಕ್ಟರರ ಸರ್ಟಿಫಿಕೇಟು ತರುವವರೆಗೆ ಮೇಜಿಗೆ ಕೂಡಬಾರದೆಂದು ಮೇಡಂ ಹೇಳಿದರು.

ಅಲ್ಲಿಗೆ ಇಬ್ರಾಹಿಮನ ಹಟ ಮುರಿಯಿತು. ಅವನು ಎರಡೂ ಕೈ ಮೇಲೆತ್ತಿ ಕೂಗಿದ: "ನನಗ ಬರೇ ಚಾಳೀಸ ಬೇಕಾಗೈತ್ರಿ! ವಯಸ್ಸಾಗೈತಿ ನನಗ! ನಲವತ್ತೊಂಬತ್ತ ಆಗ್ಯಾವ! ಬರೇ ಚಾಳೀಸ!"

"ಪಾಪ" ಎಂದರು ಬಾಗಿಲಲ್ಲಿದ್ದವರು. "ತನ್ನ ಸಮಾಧಾನಕ್ಕ ಹೇಳಾಕತ್ತಾನ."

ಹೀಗೆ ಮರುದಿನ ಅವನು ಚಿಕ್ಕೋಡಿಯ ಕಣ್ಣಿನ ದವಾಖಾನೆಗೆ ಹೊರಟ. ಮೆಹರುಬಿ ಅವನ ಮೊಣಕೈ ಹಿಡಿದುಕೊಂಡಿದ್ದಳು. ಎಷ್ಟು ಬೇಡವೆಂದರೂ ಬಿಡಲಿಲ್ಲ. ದವಾಖಾನೆಯ ಬಾಗಿಲಲ್ಲಿ ಅವನನ್ನು ಜೋಪಾನವಾಗಿ ಒಳಗೆ ದಾಟಿಸಿ, ತಾನು ದಾಟುವಾಗ ಎಡ ಭುಜವನ್ನು ಬಾಗಿಲಿಗೆ ಬಡಿಸಿಕೊಂಡಳು. ಎರಡು ಹೆಜ್ಜೆ ಮುಂದೆ ನೆಲ ಒರೆಸುವವಳ ಬಕೆಟ್ಟು ಇತ್ತು. ಮೆಹರುಬಿ ಎಡಗಾಲನ್ನು ನೇರ ಅದರೊಳಗೇ ಇಟ್ಟಳು. ನೀರೆಲ್ಲ ಚೆಲ್ಲಿ ಪೇಷಂಟುಗಳ ಚಪ್ಪಲಿ ತೇಲಿದವು.

ನರ್ಸ್ ಸೋನಾಲಿ ಓಡಿ ಬಂದು ಮೆಹರುಬಿಯ ಕೈ ಹಿಡಿದು, ತಪಾಸಣೆಯ ಸ್ಟೂಲಿನ ಮೇಲೆ ಕೂಡಿಸಿಯೇ ಬಿಟ್ಟಳು.

"ಅಕ್ಕಾರ, ಮಶೀನಿನ ಮ್ಯಾಲೆ ಗದ್ದಾ ಇಡ್ರಿ."

"ಏ ಸಿಸ್ಟರ್, ಪೇಷಂಟ್ ನಾನು!" ಎಂದ ಇಬ್ರಾಹಿಮ.

"ನೀವು ಸುಮ್ನ ಕೂಡ್ರಿ ಅಜ್ಜಾ. ಅವ್ರನ್ನ ಕರ್ಕೊಂಡ ಬಂದೀರಿ, ಸಾಕು."

"ಅಜ್ಜಾ ಅಲ್ಲ! ಪೇಷಂಟ್! ಕಣ್ಣ ಕಾಣವಲ್ದು ನನಗ! ಇಡೀ ರಾಯಬಾಗ ತಾಲೂಕಿಗೆ ಗೊತ್ತೈತಿ, ಬೇಕಾದ್ರ ಫೋನ್ ಹಚ್ಚಿ ಕೇಳ್ರಿ!"

ಎರಡು ವಾರದಿಂದ ತನಗೆ ಕಣ್ಣು ಕಾಣುತ್ತದೆ ಎಂದು ಹೊಡೆದಾಡಿದ ಮನುಷ್ಯ ಈಗ ಕಾಣುವುದಿಲ್ಲ ಎಂದು ಹೊಡೆದಾಡುವ ಪ್ರಸಂಗ ಬಂತು. ಗದ್ದಲಕ್ಕೆ ಡಾಕ್ಟರ್ ಭೀಮಗೊಂಡ ಒಳಗಿನಿಂದ ಹೊರಗೆ ಬಂದರು. ಮೊದಲು ಇಬ್ರಾಹಿಮನನ್ನೇ ಕೂಡಿಸಿ, ಅವನ ಮೂಗಿನ ಮೇಲೆ ಒಂದೊಂದೇ ಗಾಜು ಹಾಕಿ ತೆಗೆದರು. ಐದು ನಿಮಿಷವೂ ಆಗಲಿಲ್ಲ.

"ಪ್ಲಸ್ ಎರಡು. ಚಾಳೀಸ. ಬ್ಯಾರೆ ಏನೂ ಇಲ್ಲ. ಹತ್ತು ವರ್ಷದ ಹಿಂದ ಹಾಕ್ಕೋಬೇಕಾಗಿತ್ತು. ನಿಮ್ಮ ಲ್ಯಾಪ್‌ಟಾಪ್ ನೆಟ್ಟಗೈತಿ, ಅದನ್ನ ಯಾಕ ಬೈತೀರಿ?" ಎಂದು ನಕ್ಕರು.

ಇಬ್ರಾಹಿಮನೂ ನಕ್ಕ. ಸೋನಾಲಿಯೂ ನಕ್ಕಳು. ಮೆಹರುಬಿ ಎರಡೂ ಕೈ ಮೇಲೆತ್ತಿ ಅಲ್ಲಾನಿಗೆ ಶುಕರ್ ಹೇಳಿದಳು.

"ಹೆಂಗೂ ಬಂದಾರ ಸರ್, ಇವ್ರನ್ನೂ ಒಮ್ಮೆ ನೋಡಿಬಿಡ್ರಿ. ಆಗ ಬಕೆಟ್ಟಿನ್ಯಾಗ ಕಾಲಿಟ್ರು" ಎಂದಳು ಸೋನಾಲಿ.

ಡಾಕ್ಟರರು ಮೆಹರುಬಿಯ ಕಣ್ಣೊಳಗೆ ದೀಪ ಬಿಟ್ಟು ನೋಡಿದರು. ನಗುವಿನ ಉಳಿಕೆ ಇನ್ನೂ ಅವರ ಮುಖದ ಮೇಲಿತ್ತು. ನೋಡುತ್ತ ನೋಡುತ್ತ ಅದು ಹೋಯಿತು. ಇನ್ನೊಂದು ಕಣ್ಣು ನೋಡಿದರು. ಮತ್ತೆ ಮೊದಲಿನದನ್ನು ನೋಡಿದರು. ಒಂದು ಪೆಟ್ಟಿಗೆಯೊಳಗೆ ಮುಖ ಇಡಿಸಿ, ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಗುಂಡಿ ಒತ್ತಲು ಹೇಳಿದರು. ಗುಂಡಿಯ ಸಪ್ಪಳ ಅಪರೂಪಕ್ಕೆ ಒಮ್ಮೆ ಕೇಳುತ್ತಿತ್ತು. ನಡುವೆ ಬಹಳ ಹೊತ್ತು ಏನೂ ಕೇಳುತ್ತಿರಲಿಲ್ಲ.

"ಅಕ್ಕಾರ, ಬಾಜೂದ್ದು ಕಾಣೂದು ಕಡಿಮಿ ಆಗಿ ಎಷ್ಟ ದಿವಸ ಆತು?"

"ಒಂದು ವರ್ಷ ಆಗಿರಬೇಕ್ರಿ" ಎಂದಳು ಮೆಹರುಬಿ. "ಎಡಗಡೆ ಯಾರರೆ ಬಂದ್ರ ಕಾಣವಲ್ರು. ಸೂಜಿ ಪೋಣಸಾಕ ಆಗವಲ್ದು."

"ಮನ್ಯಾಗ ಹೇಳ್ಬೇಕಿಲ್ಲೇನ್ರಿ?"

"ವಯಸ್ಸಿಂದು ಅಂತ ಬಿಟ್ಟಿದ್ದೆ. ಮೊನ್ನೆ ಹೇಳಬೇಕಂತ ಮಾಡಿದ್ದೆ" ಎಂದಳು ಅವಳು. "ಅಷ್ಟರಾಗ ಇವ್ರ ಕಣ್ಣ ಹೋದುವು ಅಂತ ಸುದ್ದಿ ಬಂತು. ಮನ್ಯಾಗ ಒಬ್ರಿಗಾರ ಕಾಣಬೇಕಲ್ರಿ ಅಂತ ಸುಮ್ನಾದೆ."

ಡಾಕ್ಟರರು ಅದಕ್ಕೆ ಕಾಚಬಿಂದು ಎಂದರು. ಮೋತಿಬಿಂದು ಅಲ್ಲ, ತೆಗೆದು ಎಸೆಯುವಂಥದ್ದಲ್ಲ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತದೆ. ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ, ಹೋದದ್ದು ತಿರುಗಿ ಬರುವುದಿಲ್ಲ. ಬಲಗಣ್ಣಿನಲ್ಲಿ ಉಳಿದದ್ದನ್ನು ಉಳಿಸಿಕೊಳ್ಳಬೇಕು. ಮುಂಜಾನೆ ಒಂದು ಹನಿ, ಸಂಜೆ ಒಂದು ಹನಿ, ಎರಡೂ ಕಣ್ಣಿಗೆ, ಜೀವ ಇರುವವರೆಗೆ, ಒಂದು ದಿನವೂ ತಪ್ಪದೆ. ಒಂದು ವರ್ಷ ಮೊದಲು ಬಂದಿದ್ದರೆ ಎಂದು ಶುರು ಮಾಡಿ, ಆ ಮಾತನ್ನು ಡಾಕ್ಟರರು ಪೂರ್ತಿ ಮಾಡಲಿಲ್ಲ.

ಇಬ್ರಾಹಿಮ ಡಾಕ್ಟರರ ಹತ್ತಿರ ಬಂದು ನಿಂತ. ಆಮೇಲೆ ಕೇಳಿದ: "ಸಾಹೇಬ್ರ, ನನ್ನವು ಎರಡೂ ಛಲೋ ಅದಾವ ಅಂದ್ರಿ. ಅದರಾಗಿಂದ ಒಂದು ತಗದು ಅಕೀಗೆ ಹಾಕಾಕ ಬರತೈತೇನ್ರಿ?"

"ಹಂಗ ಬರಾಂಗಿಲ್ರಿ" ಎಂದರು ಡಾಕ್ಟರರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕದ ಸೀಟು ಅವಳಿಗೆ ಕೊಟ್ಟ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಇದೆಲ್ಲ ಅವಳಿಗೆ ಎಷ್ಟು ಕಾಣುತ್ತಿದೆ ಎಂದು ಕೇಳಬೇಕೆನಿಸಿತು. ಕಿಟಕಿಯ ಗಾಜನ್ನು ಸರಿಸಿಕೊಟ್ಟ.

"ಯಾರಿಗೂ ಹೇಳಬ್ಯಾಡ್ರಿ" ಎಂದಳು ಮೆಹರುಬಿ. "ನಿಮಗ ಮಾಡಿದಂಗ ನನ್ನ ಮುಂದ ಬಟ್ಟ ಹಿಡದು ಅಳೂ ಮಂದಿ ನನಗ ಬ್ಯಾಡ."

ರಾಯಬಾಗದಲ್ಲಿ ಇಳಿಯುವಷ್ಟರಲ್ಲಿ ಅವನ ಮೂಗಿನ ಮೇಲೆ ಚಾಳೀಸು ಇತ್ತು. ಬಸ್ ಸ್ಟ್ಯಾಂಡಿನಲ್ಲೇ ಸುದ್ದಿ ಹಬ್ಬಿತು. ಮೊದಲು ಯಾರಿಗೂ ನಂಬಿಕೆ ಬರಲಿಲ್ಲ, ನಂಬಿಕೆ ಬಂದ ಮೇಲೆ ಸಿಟ್ಟು ಬಂತು, ಸಿಟ್ಟು ಇಳಿದ ಮೇಲೆ ನಗು. ಹಾಗೆ ನಗುವುದನ್ನು ಆ ಓಣಿ ಹಿಂದೆ ಕಂಡಿರಲಿಲ್ಲ. ಅಸ್ಫಾಕ ಮಾತು ಬಿಟ್ಟ. ಫೂಫಿ ಅಥಣಿಯಿಂದ ಫೋನು ಮಾಡಿ ಒಣದ್ರಾಕ್ಷಿ ವಾಪಸು ಕಳಿಸು ಎಂದಳು. ಬಾಬಾಸಾಹೇಬ ಮಾತ್ರ ಆ ದೊಡ್ಡ ಅಕ್ಷರದ ಲ್ಯಾಪ್‌ಟಾಪು ತೆಗೆದಿಟ್ಟಿದ್ದೇನೆ, ನಿಮ್ಮಂಥವರಿಗೆ ರಿಯಾಯಿತಿ ಕೊಡುತ್ತೇನೆ ಎಂದು ಹೇಳಿ ಕಳಿಸಿದ. ಅವನಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಚಪ್ಪರದಲ್ಲಿ ಗಿರಾಕಿಗಳು ತಿರುಗಿ ಬಂದರು. "ಅಂಕಲಿ ಹೊಲ ಎಷ್ಟಕ್ಕ ಹೋತು ಕಾಕಾ?" ಎಂದು ವಿಶಾಲ ಕೇಳಿದರೆ ಇಡೀ ಚಪ್ಪರ ಬಿದ್ದು ಬಿದ್ದು ನಗುತ್ತಿತ್ತು. ಇಬ್ರಾಹಿಮ ತಲೆ ತಗ್ಗಿಸಿ ಟೈಪು ಮಾಡುತ್ತಿದ್ದ. ಹಳೆಯ ಲ್ಯಾಪ್‌ಟಾಪೇ. ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಸಂಜೆ ಆರು ಗಂಟೆಯಾದರೆ ಅರ್ಧ ಬರೆದದ್ದನ್ನು ಅಲ್ಲೇ ಬಿಟ್ಟು ಏಳುತ್ತಿದ್ದ. ಮುದುಕನಿಗೆ ಹೆಂಡತಿಯ ಗೀಳು ಹಿಡಿದಿದೆ ಎಂದು ಅದಕ್ಕೂ ನಕ್ಕರು. ನಗಲಿ ಬಿಡು ಎಂದು ಅವನು ನಗಗೊಟ್ಟ. ಗುರುವಾರದ ಮೆಹಂದಿ ಅವನಿಗೆ ನೆನಪಾಗಲಿಲ್ಲ. ಗಡ್ಡದ ಬುಡ ಬೆಳ್ಳಗಾಗುತ್ತ ಬಂತು.

ಒಂದು ಮುಂಜಾನೆ ಅಂಗಳದ ಬಿಸಿಲಿನಲ್ಲಿ ಮೆಹರುಬಿ ಮೆಟ್ಟಿಲ ಮೇಲೆ ತಲೆ ಹಿಂದೆ ಚೆಲ್ಲಿ ಕೂತಿದ್ದಳು. ಇಬ್ರಾಹಿಮ ಮದ್ದಿನ ಸಣ್ಣ ಬಾಟಲಿ ಹಿಡಿದು ಬಗ್ಗಿದ್ದ. ಬರಹದ ಕೈಗೆ ಈ ಕೆಲಸ ಹೊಸದು. ಹನಿ ತಪ್ಪಿ ಅವಳ ಗಲ್ಲದ ಮೇಲೆ ಬಿದ್ದು ಇಳಿಯಿತು. ಅಷ್ಟರಲ್ಲಿ ಸಾವಿತ್ರೆವ್ವ ಕೊಡ ಹೊತ್ತು ಹಾದು ಹೋಗುತ್ತಿದ್ದಳು. ಇಬ್ರಾಹಿಮ ಬಾಟಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಯಾಕ ಬೇ ಮೆಹರು, ಮುಂಜಾಮುಂಜಾನೆ ಅಳಾಕತ್ತಿ?" ಎಂದಳು ಸಾವಿತ್ರೆವ್ವ. "ಗಂಡನ ಕಣ್ಣು ನೆಟ್ಟಗದಾವು. ಸಂತೋಷ ಪಡೂದು ಬಿಟ್ಟು!"

"ಸಂತೋಷಕ್ಕ ಬಂದುವು ಯವ್ವಾ" ಎಂದಳು ಮೆಹರುಬಿ, ದನಿ ಬಂದ ಕಡೆಗೆ ಮುಖ ತಿರುಗಿಸಿ.

ಸಾವಿತ್ರೆವ್ವ ನಗುತ್ತ ಹೋದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ರಾಹಿಮ ಕಾದ. ಆಮೇಲೆ ಎಡಗೈಯಿಂದ ಹೆಂಡತಿಯ ರೆಪ್ಪೆ ಬಿಡಿಸಿ ಹಿಡಿದು, ಉಸಿರು ಕಟ್ಟಿ, ಇನ್ನೊಂದು ಹನಿ ಹಾಕಿದ. ಈ ಸಲ ತಪ್ಪಲಿಲ್ಲ.